ಬೆಳಕಿಗೂ ಕಾಣದ ನೋವು

ನೋವಿಗೆ ಸಾಕ್ಷಿ ಕೇಳುವುದು ನಮ್ಮೆಲ್ಲರ ಸ್ವಭಾವ. ಮುರಿದ ಮೂಳೆಗೆ ಎಕ್ಸ್‌ರೇ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಮೂತ್ರಕೋಶದ ದೀರ್ಘಕಾಲದ ನೋವನ್ನು ಅನುಭವಿಸುವವರಿಗೆ ಮಾತ್ರ ಅಂಥ ಸಾಕ್ಷಿ ಸುಲಭವಾಗಿ ದೊರೆಯದು.

ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ತಾಯಿಯೊಬ್ಬರು ಸದಾ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದರು. ಪ್ರಬೋಧನೆ ಮುಗಿಯುವುದರೊಳಗೆ ಎರಡು ಸಲ ಎದ್ದು ಹೋಗುತ್ತಿದ್ದರು. (ಪ್ರಬೋಧನೆಯ ಉದ್ದವೇ ಕಾರಣವೆಂದು ನಕ್ಕವರೂ ಉಂಟು.) ಮೂತ್ರಕೋಶ ತುಂಬಿದಂತೆಲ್ಲ ಕೆಳಹೊಟ್ಟೆಯಲ್ಲಿ ಉರಿ, ಖಾಲಿಯಾದರೆ ಕೊಂಚ ಸಮಾಧಾನ. ಪರೀಕ್ಷೆಯಲ್ಲಿ ಸೋಂಕಿಲ್ಲ, ಸ್ಕ್ಯಾನಿಂಗಿನಲ್ಲಿ ಕಲ್ಲಿಲ್ಲ. "ಎಲ್ಲ ಮನಸ್ಸಿನದು ಅಂತಾರೆ ಫಾದರ್, ಈಗ ನನಗೇ ಅನುಮಾನ ಬಂದುಬಿಟ್ಟಿದೆ" ಎಂದರು ಒಮ್ಮೆ. ಕೊನೆಗೆ ಮೂತ್ರರೋಗ ತಜ್ಞರೊಬ್ಬರು ದೀಪವಿರುವ ನಳಿಕೆಯಿಂದ ಒಳಗೆ ನೋಡಿ, ಕೆಂಪು ಗಾಯವಿದೆ ಎಂದಾಗ ಆಕೆ ಅತ್ತರಂತೆ. ದುಃಖದಿಂದಲ್ಲ.

ದೀಪವನ್ನು ಮೂತ್ರಕೋಶದೊಳಕ್ಕೇ ಒಯ್ಯುವ ಆ ಸಿಸ್ಟೋಸ್ಕೋಪನ್ನು 1877ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಜೆ ಪ್ರದರ್ಶಿಸಿದರು. ಇಂಥ ನೋವಿನಿಂದ ಬಳಲುವ ಮಹಿಳೆಯರಲ್ಲಿ ಕಂಡ ಗಾಯವನ್ನು ಅಮೆರಿಕದ ವೈದ್ಯ ಗೈ ಹನ್ನರ್ 1915ರಲ್ಲಿ ವರ್ಣಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಬಿಳಿ ಬೆಳಕಿನಲ್ಲಿ ಅದು ಕಣ್ತಪ್ಪುವುದುಂಟು. ಆದುದರಿಂದ ಕೆಲವೆಡೆ ಈಗ ಬೆಳಕನ್ನೇ ಸೋಸುತ್ತಾರೆ: 415 ನ್ಯಾನೋಮೀಟರಿನ ನೀಲಿ, 540ರ ಹಸಿರು, ಇವೆರಡೇ. ರಕ್ತದ ಹಿಮೋಗ್ಲೋಬಿನ್ ಈ ಬಣ್ಣಗಳನ್ನು ಹೀರಿಕೊಳ್ಳುವುದರಿಂದ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಕಪ್ಪಾಗಿ ಎದ್ದು ಕಾಣುತ್ತವೆ, ಅವು ಗುಂಪುಗೂಡಿದ ಗಾಯದ ಜಾಗ ತಿಳಿಯುತ್ತದೆ. ಕೆಂಪೆಲ್ಲ ಹನ್ನರ್ ಗಾಯವಲ್ಲ. ಕ್ಯಾನ್ಸರಿನ ಆರಂಭವೂ ಹಾಗೆಯೇ ಕಾಣಬಹುದಾದ್ದರಿಂದ ಚೂರು ತೆಗೆದು ಪರೀಕ್ಷಿಸುತ್ತಾರೆ. ಗಾಯವೇ ಎಂದು ಖಚಿತವಾದರೆ ಅದನ್ನು ಸುಡುತ್ತಾರೆ, ಇಲ್ಲವೇ ಅಲ್ಲಿಗೇ ಸ್ಟೀರಾಯ್ಡ್ ಚುಚ್ಚುತ್ತಾರೆ. ಮರುಕಳಿಸುವುದುಂಟಾದರೂ ಅನೇಕರಿಗೆ ಉಪಶಮನ ಸಿಗುತ್ತದೆ.

ಆದರೆ ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಆ ಗಾಯವೇ ಇರುವುದಿಲ್ಲ. ಯಾವ ಬಣ್ಣದ ಬೆಳಕು ಹಾಯಿಸಿದರೂ ಮೂತ್ರಕೋಶ ಆರೋಗ್ಯವಾಗಿಯೇ ಕಾಣುತ್ತದೆ. ನೋವು ಮಾತ್ರ ಅಷ್ಟೇ ನಿಜ. ಮೂತ್ರಕೋಶವನ್ನು ನೀರಿನಿಂದ ಹಿಗ್ಗಿಸಿದಾಗ ತೋರುವ ರಕ್ತದ ಚುಕ್ಕೆಗಳನ್ನು ಬಹುಕಾಲ ಈ ರೋಗದ ಗುರುತೆಂದು ನಂಬಲಾಗಿತ್ತು. ನೋವೇ ಇಲ್ಲದ ಮಹಿಳೆಯರಲ್ಲೂ ಅವು ಕಂಡಮೇಲೆ ಆ ನಂಬಿಕೆ ಸಡಿಲವಾಯಿತು. ಹಾಗಾಗಿ ನೋವು ಎಷ್ಟು ವಾರಗಳಿಂದ, ಯಾವಾಗ ಹೆಚ್ಚು, ರಾತ್ರಿ ಎಷ್ಟು ಬಾರಿ ಏಳುತ್ತೀರಿ ಎಂದು ಕೇಳಿ ಬರೆದುಕೊಳ್ಳುವುದೇ ಇಂದಿಗೂ ರೋಗನಿರ್ಣಯದ ಮೊದಲ ಹೆಜ್ಜೆ. ಈ ಪ್ರಶ್ನೆಗಳಿಗೆ ನಮ್ಮ ತಾಯಂದಿರು ನಾಚಿ ತಲೆ ತಗ್ಗಿಸುತ್ತಾರೆ. ಜೊತೆಗೆ ಬಂದ ಗಂಡಂದಿರು ಅವರ ಪರವಾಗಿ ಉತ್ತರ ಹೇಳಿಬಿಡುತ್ತಾರೆ.