ಸಹಿಗೆ ಮುಂಚೆ ಒಂದು ವಾರ

ಎಂಪ್ಲಾಯ್‌ಮೆಂಟ್ ಪರ್ಮಿಟ್‌ನಲ್ಲಿದ್ದಾಗ ಸ್ವಂತ ವ್ಯಾಪಾರಕ್ಕೆ ಕೈ ಹಾಕೋ ಹಾಗಿರಲಿಲ್ಲ. ಸ್ಟ್ಯಾಂಪ್ 4 ಬಂದ ಮೇಲೆ ಲೂಕನ್‌ನಲ್ಲಿರೋ ನಾವು ಎರಡು ಮನೆಯವರು ಸೇರಿ ಚಟ್ನಿಪುಡಿ, ಸಂಕ್ರಾಂತಿಗೆ ಎಳ್ಳು-ಬೆಲ್ಲ ಮಾಡಿ ಮಾರೋಣ ಅಂತ ಹೊರಟೆವು. ಎಚ್‌ಎಸ್‌ಇಯಲ್ಲಿ ನೋಂದಣಿ ಆಯ್ತು. ಉಳಿದದ್ದು ಎಳ್ಳು, ಕಡಲೆಬೀಜ, ಕೊಬ್ಬರಿ ಕೊಡೋ ಹೋಲ್‌ಸೇಲ್ ವ್ಯಾಪಾರಿ. ಒಬ್ಬರು ಸಿಕ್ಕರು. ರೇಟು ಬೇರೆಯವರಿಗಿಂತ ಕಡಿಮೆ, ಮಾತು ಬೆಣ್ಣೆ. ಒಂದು ವರ್ಷದ ಒಪ್ಪಂದ, 3,000 ಯೂರೋ ಮುಂಗಡ. ಅದು ಎರಡು ಮನೆಯವರೂ ಊರಿಗೆ ಹೋಗೋಕೆ ಅಂತ ಎತ್ತಿಟ್ಟಿದ್ದ ಟಿಕೆಟ್ಟಿನ ದುಡ್ಡು. "ಶುಕ್ರವಾರದೊಳಗೆ ಸೈನ್ ಮಾಡಿಬಿಡಿ, ಇಲ್ಲಾಂದ್ರೆ ಈ ರೇಟು ಇರಲ್ಲ" ಅಂದರು. ಅವಸರ ಅವರದ್ದು, ದುಡ್ಡು ನಮ್ಮದು. ಒಂದು ವಾರ ಟೈಮ್ ಕೇಳಿದೆವು.

ಮೊದಲು ಸಿಆರ್‌ಒ, ಅಂದರೆ ಕಂಪನಿಗಳ ನೋಂದಣಿ ಕಚೇರಿ. ಅದರ ವೆಬ್‌ಸೈಟಿನಲ್ಲಿ ಹೆಸರು ಹುಡುಕೋದು ಪುಕ್ಕಟೆ. ಅವರ ಬೋರ್ಡಿನ ಮೇಲಿದ್ದ ಹೆಸರು ಸಿಕ್ಕಿತು, ಆದರೆ ಬರೀ ವ್ಯಾಪಾರದ ಹೆಸರಾಗಿ. ಅದೇ ಬೇರೆ, ಕಂಪನಿಯೇ ಬೇರೆ. ಹಾಗಾದರೆ ಒಪ್ಪಂದ ಯಾರ ಜೊತೆ? ಕಾಗದದ ಕೆಳಗಿದ್ದ ಕಂಪನಿ ನಂಬರ್ ಹಾಕಿ ನೋಡಿದೆವು. ಕಂಪನಿ ಇದೆ, ವಾರ್ಷಿಕ ರಿಟರ್ನ್ ಬಾಕಿ ಇದೆ. ಇಲ್ಲಿ ಅದು ತಡವಾದರೆ 100 ಯೂರೋ ದಂಡ, ಮೇಲೆ ದಿನಕ್ಕೆ 3 ಯೂರೋ. ಹಾಗಂತ ತಡ ಮಾಡಿದವರೆಲ್ಲ ಮೋಸಗಾರರಲ್ಲ, ಅಕೌಂಟೆಂಟ್ ಮರೆತಿರಬಹುದು. ವ್ಯಾಟ್ ನಂಬರನ್ನು ಯುರೋಪಿಯನ್ ಕಮಿಷನ್ನಿನ ವಿಐಇಎಸ್‌ನಲ್ಲಿ ಹಾಕಿದಾಗ ಸರಿ ಅಂತಲೇ ಬಂತು.

ಮಾತು ನಿಂತದ್ದು ಎಳ್ಳಿನ ಹತ್ತಿರ. 2020ರ ಸೆಪ್ಟೆಂಬರ್‌ನಲ್ಲಿ, ಭಾರತದಿಂದ ಬಂದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಇದೆ ಅಂತ ಬೆಲ್ಜಿಯಂ ಎಚ್ಚರಿಸಿತ್ತು. ಕ್ರಿಮಿ ಸಾಯಲಿ ಅಂತ ಹಾಯಿಸೋ ಅನಿಲ ಅದು. ಯುರೋಪ್ ಒಕ್ಕೂಟದಲ್ಲಿ ಆಹಾರಕ್ಕೆ ಬಳಸೋ ಹಾಗಿಲ್ಲ. ಆಮೇಲೆ ಐರ್ಲೆಂಡೂ ಸೇರಿ ಎಷ್ಟೋ ದೇಶಗಳಲ್ಲಿ ಎಳ್ಳು ಹಾಕಿದ ತಿಂಡಿಗಳನ್ನ ಅಂಗಡಿಗಳಿಂದ ವಾಪಸ್ ತರಿಸಿದರು. ಅದಕ್ಕೇ ನಾವು ಪ್ರತಿ ಮೂಟೆಯ ಬ್ಯಾಚ್ ನಂಬರ್, ಆ ಬ್ಯಾಚಿನದೇ ಲ್ಯಾಬ್ ರಿಪೋರ್ಟ್ ಬೇಕು ಅಂದೆವು. ನಾಳೆ ಇನ್‌ಸ್ಪೆಕ್ಟರ್ ಬಂದು ಎಳ್ಳು ಯಾರ ಹತ್ತಿರ ತಂದ್ರಿ ಅಂದರೆ ಕಾಗದ ತೋರಿಸಬೇಕಾದವರು ನಾವು. ಇಲ್ಲಿನ ಕಾನೂನು ಹಾಗಿದೆ.

"ಅಣ್ಣಾ, ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿಲ್ಲ" ಅಂದರು. ಎರಡು ದಿನ ಬಿಟ್ಟು ಒಂದು ರಿಪೋರ್ಟ್ ಕಳಿಸಿದರು. ತಾರೀಕು ಎರಡು ವರ್ಷ ಹಳೇದು, ಬ್ಯಾಚ್ ನಂಬರೂ ಸ್ಯಾಂಪಲ್ ಚೀಲದ್ದಲ್ಲ. ಮತ್ತೆ ಕೇಳಿದೆವು. ಆಮೇಲೆ ಫೋನ್ ಎತ್ತಲಿಲ್ಲ.

ಈಗ ತರಿಸ್ತಿರೋದು ಇನ್ನೊಬ್ಬರ ಹತ್ತಿರ. ಕಿಲೋಗೆ 40 ಸೆಂಟ್ ಜಾಸ್ತಿ, ಅದರ ಗೊಣಗಾಟ ಎರಡೂ ಮನೆಯಲ್ಲಿ ಇನ್ನೂ ನಿಂತಿಲ್ಲ. ಒಪ್ಪಂದ ಮೂರು ತಿಂಗಳಿಗೆ ಮಾತ್ರ, ಮುಂಗಡ ಇಲ್ಲ. ರಿಪೋರ್ಟ್ ಇಲ್ಲದ ಮೂಟೆ ಅವರ ಖರ್ಚಿನಲ್ಲೇ ವಾಪಸ್ ಅನ್ನೋ ಸಾಲನ್ನ ನಾವೇ ಹಟ ಮಾಡಿ ಸೇರಿಸಿದೆವು. ಮೊದಲ 25 ಕಿಲೋ ಬಂದು ಕೂತಿದೆ. ಇಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ ಅಲರ್ಜಿಯ 14 ಪದಾರ್ಥಗಳಲ್ಲಿ ಎಳ್ಳೂ ಇದೆ, ಕಡಲೆಬೀಜವೂ ಇದೆ. ಪೊಟ್ಟಣದ ಮೇಲೆ ಅವು ಎದ್ದು ಕಾಣಬೇಕು. ಈ ಭಾನುವಾರ ಲೇಬಲ್ ಕೆಲಸ.