ಕಟ್ಟೆಯೋ, ಅಂಚೆಯೋ

2001ರ ಬೇಸಿಗೆಯಲ್ಲಿ ತರಬೇತಿ ಮುಗಿಸಿ ಹೊರಟ ನಾವು ಹನ್ನೊಂದು ಜನ ಹೈಸ್ಕೂಲು ಕನ್ನಡ ಶಿಕ್ಷಕರು ಬಸ್ ಸ್ಟ್ಯಾಂಡಿನಲ್ಲೇ ಒಂದು ತೀರ್ಮಾನಕ್ಕೆ ಬಂದೆವು. ಪಾಠದ ಕಷ್ಟಸುಖವನ್ನು ಇನ್ನುಮುಂದೆ ಇಂಟರ್‌ನೆಟ್ಟಿನಲ್ಲಿ ಹಂಚಿಕೊಳ್ಳಬೇಕು. ಹೇಗೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿದ್ದ ನನ್ನ ತಮ್ಮನನ್ನು ಕೇಳುವುದು ಎಂದಾಯಿತು.

ಅವನು ಎರಡು ದಾರಿ ಹೇಳಿದ. ಒಂದು ನ್ಯೂಸ್‌ಗ್ರೂಪು. 1979ರಲ್ಲಿ ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯೋಚಿಸಿದ ಯೂಸ್‌ನೆಟ್ ಎಂಬ ಏರ್ಪಾಡಿಗೆ ಸೇರಿದ್ದು. ಊರಿನ ಅರಳೀಕಟ್ಟೆ ಎನ್ನಿ. ಯಾರು ಬೇಕಾದರೂ ಬಂದು ಕೂರಬಹುದು. ಮಾತು ಕೇಳಬೇಕಾದರೆ ನಾವೇ ಎದ್ದು ಹೋಗಬೇಕು. ಸಾಕ್ ಕಲ್ಚರ್ ಇಂಡಿಯನ್ ಕರ್ನಾಟಕ ಎಂದು ನಮ್ಮ ನಾಡಿನ ಹೆಸರಿನದೇ ಒಂದು ಕಟ್ಟೆ ಆಗಲೇ ಇತ್ತು. ಇನ್ನೊಂದು ಮೇಲಿಂಗ್ ಲಿಸ್ಟು. ಒಬ್ಬರು ಬರೆದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಪ್ರತಿ ಅಂಚೆಯ ಹಾಗೆ ಹೋಗಿ ಬೀಳುತ್ತದೆ.

“ಅಕ್ಕಾ, ಕಟ್ಟೆಯಲ್ಲಿ ಜಗಳಗಂಟರು, ಜಾಹೀರಾತಿನವರು ಜಾಸ್ತಿ. ನಿಮಗೆ ಲಿಸ್ಟೇ ಸರಿ” ಎಂದ. ಅವನು ಹೇಳದಿದ್ದರೂ ನಾನು ಅದನ್ನೇ ಆರಿಸುತ್ತಿದ್ದೆ. ಬಾಗಿಲು ಮುಚ್ಚಿಕೊಂಡು ಮನಸ್ಸು ಬಿಚ್ಚುವ ಜಾತಿ ನಮ್ಮದು. ಸ್ಟಾಫ್ ರೂಮು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಶನಿವಾರ ಮಧ್ಯಾಹ್ನ ಪೇಟೆಯ ಸೈಬರ್ ಕೆಫೆಗೆ ಹೋಗಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಬರುತ್ತಿದ್ದೆ. ಎಂಟನೆಯ ತರಗತಿಗೆ ಬಂದರೂ ಓದಲು ಬಾರದ ಒಬ್ಬ ಹುಡುಗಿಯ ಬಗ್ಗೆ ಒಮ್ಮೆ ಉದ್ದಕ್ಕೆ ಬರೆದೆ. ಹೆಸರು, ಊರು, ಅಪ್ಪನ ಕುಡಿತ ಎಲ್ಲವನ್ನೂ ಹಾಕಿದೆ. ನಮ್ಮವರೇ ತಾನೆ ಓದುವುದು! ಉತ್ತರಗಳೂ ಚೆನ್ನಾಗಿಯೇ ಬಂದವು. ಅವಳು ಬಾಯಲ್ಲಿ ಹೇಳಿದ್ದನ್ನೇ ಬರೆದು ಅವಳಿಂದಲೇ ಓದಿಸಿ ಎಂದರು ಒಬ್ಬರು. ಹಾಗೇ ಮಾಡಿದೆ. ಹುಡುಗಿ ಚಿಗುರಿದಳು.

ಅಷ್ಟರಲ್ಲಿ ಹನ್ನೊಂದು ಜನ ಅರವತ್ತಾಗಿದ್ದರು. ಹೊಸಬರಲ್ಲೊಬ್ಬರು ಆ ಮನೆಯವರ ನೆಂಟರಂತೆ. ಒಂದು ಬೆಳಿಗ್ಗೆ ಹುಡುಗಿ ಮಡಚಿದ ಕಾಗದ ಹಿಡಿದು ಬಂದಳು. ಇಂಗ್ಲಿಷ್ ಅಕ್ಷರಗಳ ನಡುವೆ ಅವಳು ಗುರುತು ಹಿಡಿದದ್ದು ತನ್ನ ಹೆಸರೊಂದನ್ನೇ. “ಮಿಕ್ಕಿದ್ದನ್ನ ನೀವೇ ಓದಿ ಹೇಳಿ ಮೇಡಂ” ಎಂದಳು. ಓದಿದೆ, ಅಪ್ಪನ ಕುಡಿತದ ಸಾಲು ಹಾರಿಸಿ. ಅದನ್ನು ಅವಳಿಗೆ ಮನೆಯಲ್ಲಿ ಮೊದಲೇ ಯಾರೋ ಓದಿ ಹೇಳಿದ್ದರೆಂಬುದು ಅವಳ ಮುಖ ನೋಡಿದಾಗ ತಿಳಿಯಿತು.

ವಾಪಸು ತೆಗೆದುಕೊಳ್ಳಬಹುದೇ ಎಂದು ತಮ್ಮನನ್ನು ಕೇಳಿದೆ. ಅರವತ್ತು ಪೆಟ್ಟಿಗೆಗೆ ಬಿದ್ದ ಪತ್ರ ಬಿದ್ದ ಹಾಗೆಯೇ ಎಂದ. ಕಟ್ಟೆಯಲ್ಲಾದರೆ ಹಳೆಯ ಮಾತುಗಳು ಎಷ್ಟೋ ದಿನಕ್ಕೆ ತಾವಾಗಿ ಅಳಿಯುತ್ತಿದ್ದವಂತೆ. ಬರೆದವರೇ ರದ್ದುಮಾಡಿ ಎಂದು ಕೇಳುವ ವ್ಯವಸ್ಥೆಯೂ ಇತ್ತಂತೆ. ಹಾಗೆಂದು ಅದನ್ನೂ ನಂಬುವಂತಿರಲಿಲ್ಲ. ಡೇಜಾ ನ್ಯೂಸ್ ಎಂಬವರು 1995ರಿಂದಲೇ ಕಟ್ಟೆಯ ಮಾತನ್ನೆಲ್ಲ ಕೂಡಿಡತೊಡಗಿದ್ದರು. ಆ ಗಂಟನ್ನು 2001ರಲ್ಲಿ ಗೂಗಲ್ ಕೊಂಡಿತು.

ನಮ್ಮ ಲಿಸ್ಟಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಮುಚ್ಚಿತು. ನನ್ನ ಪತ್ರ ಯಾರ ಪೆಟ್ಟಿಗೆಯಲ್ಲಿ ಇನ್ನೂ ಕೂತಿದೆಯೋ. ಆ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ನನ್ನ ಪೀರಿಯಡ್ಡಿನಲ್ಲಿ ಮಾತ್ರ ಮತ್ತೆ ಕೈ ಎತ್ತಲಿಲ್ಲ.