ಅದು ಎರಡನೇ ಡೋಸ್ ಆಗಿರಲಿಲ್ಲ

ಊರಲ್ಲಿ ಹೋರಿಗಳ ಬೀಜ ಒಡೆಯುವಾಗ ಅವು ಒದ್ದಾಡುವುದನ್ನು ನೋಡಿ ಬೆಳೆದವನು ನಾನು. ಪಶುವೈದ್ಯಕೀಯ ಓದಿ ಆಸ್ಟ್ರೇಲಿಯಾದ ಹಂದಿ ಫಾರಂ ಸೇರಿದಾಗ, ಅದೇ ಕೆಲಸ ಅಲ್ಲಿ ಲಸಿಕೆಯಿಂದ ಆಗುತ್ತಿತ್ತು. ಇಂಪ್ರೊವ್ಯಾಕ್ ಎಂಬ ಆ ಲಸಿಕೆಗೆ ಅಲ್ಲಿ 1998ರಲ್ಲೇ ಅನುಮತಿ ಸಿಕ್ಕಿದೆ.

ಬೀಜ ಕೆಲಸ ಶುರುಮಾಡಲು ಮಿದುಳಿನಿಂದ ಹೊರಡುವ ಅಪ್ಪಣೆಯೇ ಜಿಎನ್‌ಆರ್‌ಎಚ್ ಹಾರ್ಮೋನ್. ಬರೀ 10 ಅಮೈನೋ ಆಮ್ಲಗಳದ್ದು, ಅದೂ ಮೈಯೊಳಗಿನದೇ. ಹಾಗಾಗಿ ದೇಹ ಅದರ ತಂಟೆಗೆ ಹೋಗುವುದಿಲ್ಲ. ಅದನ್ನೇ ಹೋಲುವ ತುಣುಕನ್ನು ಹೊರಗಿನ ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚಿದರೆ ಪ್ರತಿಕಾಯಗಳು ಹುಟ್ಟಿ ಹಂದಿಯ ಸ್ವಂತ ಹಾರ್ಮೋನನ್ನೂ ಕಟ್ಟಿಹಾಕುತ್ತವೆ.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಮೊದಲ ಡೋಸ್ ಬರೀ ಪರಿಚಯ, ಕನಿಷ್ಠ 4 ವಾರ ಬಿಟ್ಟು ಎರಡನೆಯದು ಬಿದ್ದ ಮೇಲೇ ಬೀಜ ತಣ್ಣಗಾಗುವುದು ಎಂಬುದೂ ಗೊತ್ತಿತ್ತು. ಆದರೂ ಬೆಳವಣಿಗೆಯಲ್ಲಿ ಹಿಂದೆ ಬಿದ್ದು ಇನ್ನೊಂದು ಶೆಡ್‌ನಿಂದ ಬಂದ ಗಂಡುಗಳನ್ನು ದಾಖಲೆ ನೋಡದೆ ಗುಂಪಿಗೆ ಸೇರಿಸಿಕೊಂಡೆ. ಎಲ್ಲಕ್ಕೂ ಒಟ್ಟಿಗೆ ಎರಡನೇ ಡೋಸ್ ಹಾಕಿದೆ. ಅವುಗಳಿಗೆ ಅದೇ ಮೊದಲನೆಯದು.

ಎರಡು ವಾರ ಕಳೆದರೂ ಕೆಲವು ಒಂದರ ಮೇಲೊಂದು ಏರುತ್ತಿವೆ, ಕಾದಾಡುತ್ತಿವೆ ಎಂದು ಶೆಡ್ ನೋಡಿಕೊಳ್ಳುವಾತ ಎಚ್ಚರಿಸಿದ್ದ. ಅವನ್ನು ಹುಡುಕಿ ಇನ್ನೊಂದು ಡೋಸ್ ಕೊಡಬೇಕಿತ್ತು. "ಹಾರ್ಮೋನ್ ಇಳಿಯೋಕೆ ಟೈಮ್ ಬೇಕಲ್ಲಪ್ಪಾ" ಎಂದು ಪಾಠ ಹೇಳಿದೆ. ಓದಿದವನ ಕೊಬ್ಬು!

ಮಾಂಸ ನಾರುತ್ತಿದೆ ಎಂದು ಕಸಾಯಿಖಾನೆಯಿಂದ ದೂರು ಬಂತು. ಮಾಂಸದ ಕೊಬ್ಬು ಕಾಯಿಸಿ ಮೂಸಿದೆವು. ನನಗೆ ಏನೂ ವಾಸನೆ ಬರಲಿಲ್ಲ. ಪಕ್ಕದವರು ಮೂಗು ಮುಚ್ಚಿಕೊಂಡರು. ಬೀಜದಲ್ಲಿ ಹುಟ್ಟಿ ಕೊಬ್ಬಿನಲ್ಲಿ ಕೂರುವ ಆಂಡ್ರೊಸ್ಟೆನೋನ್ ಎಷ್ಟೋ ಜನರ ಮೂಗಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ನಾನೂ ಅವರಲ್ಲೊಬ್ಬ. ಜೊತೆಗಿರುವ ಇನ್ನೊಂದು ನಾತ, ಸ್ಕೇಟೋಲ್, ಕರುಳಿನ ಬ್ಯಾಕ್ಟೀರಿಯಾಗಳದ್ದು. ಬೀಜದ ಹಾರ್ಮೋನುಗಳು ಜೋರಾಗಿದ್ದರೆ ಯಕೃತ್ತು ಅದನ್ನು ಸರಿಯಾಗಿ ಹೊರಹಾಕುವುದಿಲ್ಲ. ಆ ಮಾಂಸ ಮಾರಾಟಕ್ಕೆ ಹೋಗಲಿಲ್ಲ.

ಈಗ ಮೊದಲ ಡೋಸ್ ಬಿದ್ದ ದಿನವೇ ಹಂದಿಯ ಕಿವಿಗೆ ಓಲೆ ಬೀಳುತ್ತದೆ. ಓಲೆ ಇಲ್ಲದ್ದು ಗುಂಪಿಗಿಲ್ಲ.

ಈ ಕೆಲಸಕ್ಕೆ ಹೊರಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಜಿಎನ್‌ಆರ್‌ಎಚ್ ಮನುಷ್ಯರಲ್ಲೂ ಅದೇ, ಹಾಗಾಗಿ ಈ ಲಸಿಕೆ ನಮ್ಮ ಮೇಲೂ ಕೆಲಸ ಮಾಡೀತು. ಸೂಜಿಗೆ ರಕ್ಷಾಕವಚ ಇರುವ ಸಿರಿಂಜನ್ನೇ ಹಿಡಿಯಿರಿ. ಅಕಸ್ಮಾತ್ ಒಮ್ಮೆ ಕೈಗೆ ಚುಚ್ಚಿಕೊಂಡರೆ ಕೂಡಲೇ ವೈದ್ಯರ ಬಳಿ ಹೋಗಿ. ಆಮೇಲೆ ಆ ಲಸಿಕೆಯನ್ನು ಮತ್ತೆಂದೂ ಮುಟ್ಟಬೇಡಿ.